ಎನ್‌ಎಫ್‌ಎಲ್ ಲಾಕ್‌ಔಟ್ ಮುಗಿದ ಮೇಲೆ ತಂಡಗಳು ದುಡ್ಡು ಖರ್ಚು ಮಾಡಲೇಬೇಕು ಅಂತ ಆಗಿದ್ದು ಯಾಕೆ?

2011ರ ಒಪ್ಪಂದದಲ್ಲಿ ಸಂಬಳಕ್ಕೆ ಮೇಲ್ಮಿತಿಯ ಜೊತೆಗೆ ಗಟ್ಟಿಯಾದ ಕೆಳಮಿತಿಯನ್ನೂ ಹಾಕಿದರು, ಅದಕ್ಕೇ. ಆ ವರ್ಷ ಮಾರ್ಚ್‌ನಿಂದ ಜುಲೈವರೆಗೆ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಮಾಲೀಕರು ಆಟಗಾರರನ್ನು ಹೊರಗಿಟ್ಟು ಬಾಗಿಲು ಹಾಕಿದ್ದರು. ಮುಖ್ಯ ಜಗಳ ಇದ್ದದ್ದು ಲೀಗಿನ ಆದಾಯದಲ್ಲಿ ಯಾರಿಗೆ ಎಷ್ಟು ಅನ್ನೋದರ ಮೇಲೆ.

ಕೊನೆಗೆ 10 ವರ್ಷದ ಒಪ್ಪಂದವಾಯಿತು. ಆಟಗಾರರ ಪಾಲು ಸುಮಾರು 47–48%ಗೆ ಇಳಿಯಿತು. 2011ಕ್ಕೆ ಪ್ರತಿ ತಂಡದ ಸಂಬಳದ ಮೇಲ್ಮಿತಿ ಸುಮಾರು 12 ಕೋಟಿ ಡಾಲರ್. ಪಾಲು ಬಿಟ್ಟುಕೊಟ್ಟವರಿಗೆ ಒಂದು ಭರವಸೆ ಬೇಕಿತ್ತು ಅಲ್ವಾ? ಮಿತಿ ಎಷ್ಟೇ ಇರಲಿ, ಮಾಲೀಕ ಗಲ್ಲಾಪೆಟ್ಟಿಗೆ ತೆಗೆಯದಿದ್ದರೆ ಆ ಅಂಕಿ ಸುಮ್ನೆ ಕಾಗದದ ಮೇಲೆ ಉಳಿಯುತ್ತದೆ. ಹಾಗಾಗಿ 2013ರಿಂದ 2016ರವರೆಗೆ ನಾಲ್ಕು ವರ್ಷದ್ದು ಒಟ್ಟು ಲೆಕ್ಕ ಹಾಕಿ, ಪ್ರತಿ ತಂಡ ಮಿತಿಯ 89%ರಷ್ಟನ್ನು ನಗದಾಗಿ ಕೊಡಲೇಬೇಕು ಎಂದು ಬರೆದರು. ಕಡಿಮೆ ಬಿದ್ದರೆ ಆ ಬಾಕಿಯೂ ಆಟಗಾರರಿಗೇ ಸೇರಬೇಕು.

ಹಣ ಹೋಗುವ ದಾರಿಯೂ ಬದಲಾಯಿತು. 2010ರ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಆರಿಸುವ ಸರದಿಯಲ್ಲಿ, ಮೊದಲು ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಖಾತ್ರಿ ಮೊತ್ತವೇ 5 ಕೋಟಿ ಡಾಲರ್. ಮರುವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಹೊಸಬರ ಸಂಬಳಕ್ಕೆ ಕಟ್ಟು ಬಿದ್ದಿತ್ತು. ಹೀಗೆ ಉಳಿದ ದುಡ್ಡು ಹಳಬರಿಗೆ ಹೋಗಲಿ ಎಂಬ ಉದ್ದೇಶ ಇದರ ಹಿಂದಿತ್ತು. ನನಗಂತೂ ಅದು ನ್ಯಾಯ ಅನ್ನಿಸುತ್ತದೆ. ವರ್ಷಗಟ್ಟಲೆ ಮೈ ಜಜ್ಜಿಸಿಕೊಂಡು ಆಡಿದವರು ಅವರೇ.