ಸರ್ ಕ್ಯಾಬಿನ್‌ಗೆ ಹೋಗು, ತಂಗಿ

ಪ್ರಶ್ನೆ: ಅಕ್ಕಾ, ನಾನು ಇಳಕಲ್ ಹತ್ತಿರದ ಹಳ್ಳಿಯವಳು. ಅಪ್ಪ ಸೀರೆ ನೇಯುತ್ತಾರೆ. ನಮ್ಮ ಮನೆಯಲ್ಲಿ ಪಿಯುಸಿ ದಾಟಿದವಳು ನಾನೊಬ್ಬಳೇ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್, ಅಂದರೆ ಆ ವರ್ಷದ ಪಠ್ಯ, ಅಂಕಗಳ ನಿಯಮ. ಕಾಲೇಜಿನಲ್ಲೇ ನಡೆಯುವ ಗಣಿತದ ಮೊದಲ ಇಂಟರ್ನಲ್ ಟೆಸ್ಟಿನಲ್ಲಿ 25ಕ್ಕೆ 6 ಬಂತು. ಎಲ್ಲರಿಗೂ ಪಾಠ ತಿಳಿಯುತ್ತದೆ, ನನಗೊಬ್ಬಳಿಗೇ ಇಲ್ಲ. ಅಪ್ಪ ಫೋನಿನಲ್ಲಿ ‘ಹೆಂಗ ನಡದೈತಿ?’ ಅಂದರೆ ‘ಚಲೋ ನಡದೈತಪ್ಪಾ’ ಅನ್ನುತ್ತೇನೆ. ಬಿಟ್ಟು ಊರಿಗೆ ಹೋಗಿಬಿಡಲೇ?
– ಹೆಸರು ಬೇಡ, ಬೆಳಗಾವಿ

ಉತ್ತರ: ಬಿಡಬೇಡ ತಂಗಿ. ನಾನೂ ಗುಳೇದಗುಡ್ಡದ ನೇಕಾರರ ಮನೆಯವಳು. ಬಾಗಲಕೋಟೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದೆ. ನಿನ್ನಂಥ ಮಕ್ಕಳನ್ನು ತುಂಬಾ ನೋಡಿದ್ದೇನೆ. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ, ಹೇಳುವವರಿರಲಿಲ್ಲ. ಪಕ್ಕದ ಬೆಂಚಿನವಳ ಅಣ್ಣ ಇಂಜಿನಿಯರ್ ಆಗಿದ್ದರೆ, ಹಳೇ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತೆ, ಯಾವ ಸರ್ ಯಾವಾಗ ಬಿಡುವಾಗಿರುತ್ತಾರೆ ಅನ್ನೋದೆಲ್ಲ ಅವಳಿಗೆ ಊಟಕ್ಕೆ ಕೂತಾಗಲೇ ಕಿವಿಗೆ ಬಿದ್ದಿರುತ್ತದೆ. ನೀನು ಅದನ್ನು ಕೇಳಿಯೇ ತಿಳಿಯಬೇಕು.

ಕ್ಲಾಸಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಲು ಅಂಜಿಕೆಯಾದರೆ ಬೇಡ. ನಾಳೆಯೇ ಬ್ಲೂಬುಕ್ (ಟೆಸ್ಟಿನ ಉತ್ತರ ಪುಸ್ತಕ) ತಗೊಂಡು ಗಣಿತದ ಸರ್ ಕ್ಯಾಬಿನ್‌ಗೆ ಹೋಗು. ‘ಏನೂ ತಿಳೀತಿಲ್ಲ’ ಅನ್ನಬೇಡ. ಒಂದೇ ಒಂದು ಲೆಕ್ಕ ತೋರಿಸಿ, ‘ಸರ್, ಈ ಸಾಲಿನವರೆಗೆ ಬಂದೆ, ಮುಂದೆ ಹೋಗಲಿಲ್ಲ’ ಅಂತ ಕನ್ನಡದಲ್ಲೇ ಹೇಳು. ಹಾಗೆ ಕೇಳಿಕೊಂಡು ಬಂದವರಿಗೆ ಹೇಳಿಕೊಡುವುದು ನನಗಂತೂ ದಿನದ ಅತ್ಯಂತ ಖುಷಿಯ ಕೆಲಸವಾಗಿತ್ತು. ಬಹಳ ಸಲ ತೊಡಕು ಇಂಜಿನಿಯರಿಂಗ್ ಪಾಠದಲ್ಲಿ ಇರುವುದೇ ಇಲ್ಲ. ಪಿಯುಸಿಯ ಡಿಫರೆನ್ಸಿಯೇಶನ್, ತ್ರಿಕೋನಮಿತಿ ಸೂತ್ರಗಳು ಸಡಿಲ ಇರುತ್ತವೆ. ಮೊದಲು ಹಳೇ ಪಿಯುಸಿ ಪುಸ್ತಕ ತೆಗೆದು ಅವನ್ನು ಗಟ್ಟಿ ಮಾಡಿಕೋ.

ಆ 6 ಅಂಕವೇ ಕೊನೆಯಲ್ಲ. ನಿಮ್ಮ ಸ್ಕೀಮ್‌ನಲ್ಲಿ ಇಂಟರ್ನಲ್‌ಗೆ ಒಟ್ಟು 50 ಅಂಕ, ಪಾಸಾಗಲು 20 ಬೇಕು. ಮುಂದಿನ ಟೆಸ್ಟ್ ಇದೆ, ಅಸೈನ್‌ಮೆಂಟ್ ಇದೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಐದು ಮಾಡ್ಯೂಲ್ (ಪಾಠಭಾಗ), ಪ್ರತಿಯೊಂದರಲ್ಲಿ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು. ಸೀನಿಯರ್‌ಗಳಿಂದ ಹಳೇ ಪ್ರಶ್ನೆಪತ್ರಿಕೆ ಇಸಕೊಂಡು, ಇಬ್ಬರು ಮೂವರು ಗೆಳತಿಯರು ಸೇರಿ ಒಂದೊಂದೇ ಮಾಡ್ಯೂಲ್ ಬಿಡಿಸಿ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಇ-ಕುಂಭ್ ಪೋರ್ಟಲ್‌ನಲ್ಲಿ ಕನ್ನಡದ ತಾಂತ್ರಿಕ ಪುಸ್ತಕಗಳೂ ಉಚಿತವಾಗಿ ಸಿಗುತ್ತವೆ.

ದುಡ್ಡಿನ ಚಿಂತೆಯೂ ಇರಬಹುದು, ನೀನು ಬರೆದಿಲ್ಲ. ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹುಡುಗಿಯರಿಗಾಗಿಯೇ ಇದೆ. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ ವರ್ಷಕ್ಕೆ 8 ಲಕ್ಷ ಮೀರಿರಬಾರದು. ಮೊದಲ ವರ್ಷದಲ್ಲೇ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ತಡ ಮಾಡಬೇಡ. ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಬಗ್ಗೆಯೂ ವಿಚಾರಿಸು.

ಅಪ್ಪನಿಗೆ ನಿಜ ಹೇಳು. ‘ಗಣಿತ ಕಷ್ಟ ಆಗೇತಿ, ಸರ್ ಹತ್ರ ಹೊಂಟೀನಿ’ ಅನ್ನು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡೋ ಕೆಲಸವನ್ನು ಅವರಿಗೇ ಒಪ್ಪಿಸು.