ಅಮ್ಮ ನಿದ್ದೆ ಬಂದಂತೆ ನಟಿಸುವುದೇಕೆ?

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ಸುಮ್ಮನೆ ಪಕ್ಕಕ್ಕಿಡಲು ಆಗಲಿಲ್ಲ. ಬರೆದಾಕೆ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಿಷಯ ಇಷ್ಟು. ಅಮ್ಮನಿಗೆ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಇನ್ನು ಚಿಕಿತ್ಸೆಯಿಂದ ಉಪಯೋಗವಿಲ್ಲ, ನೋವಾಗದಂತೆ ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಕೊಟ್ಟಿದ್ದಾರೆ. ಮೈ ಒರೆಸುವುದು, ಡಯಪರ್ ಬದಲಿಸುವುದು, ಔಷಧಿ ಕೊಡುವುದು, ನಡುರಾತ್ರಿ ಎದ್ದು ಮಗ್ಗುಲು ಹೊರಳಿಸುವುದು, ಎಲ್ಲವೂ ಮಗಳ ಪಾಲಿಗೆ. ಸಂಜೆಯಾದರೆ ಚರ್ಚ್ ಸಭೆಯ ಪ್ರಾರ್ಥನಾ ಗುಂಪು ಬರುತ್ತದೆ. ಮಂಚದ ಸುತ್ತ ನಿಂತು ಗಂಟೆಗಟ್ಟಲೆ, ಗಟ್ಟಿ ದನಿಯಲ್ಲಿ, ಗುಣವಾಗಲಿ ಎಂಬ ಪ್ರಾರ್ಥನೆ. ನೋವು ಕಳೆಯುವ ಮಾರ್ಫಿನ್ ತಗೊಳ್ಳುವುದೆಂದರೆ ನಂಬಿಕೆ ಬಿಟ್ಟುಕೊಟ್ಟಂತೆ ಎಂದು ಗುಂಪಿನ ಹಿರಿಯರೊಬ್ಬರು ಹೇಳಿದ್ದಾರೆ. ಅದಕ್ಕೆ ಹೆದರಿ ಮಗಳು ಡಾಕ್ಟರು ಬರೆದುಕೊಟ್ಟದ್ದರಲ್ಲಿ ಅರ್ಧವನ್ನಷ್ಟೇ ಕೊಡುತ್ತಿದ್ದಾರೆ. ಒಂದು ರಾತ್ರಿ ಅಮ್ಮನ ನರಳಾಟ ನೋಡಲಾರದೆ "ಕರ್ತನೇ, ಇವಳನ್ನು ಬೇಗ ಕರೆದುಕೋ" ಎಂಬ ಮಾತು ಬಾಯಿಂದ ಬಂದುಬಿಟ್ಟಿತಂತೆ. ಅಂದಿನಿಂದ ಮೊಣಕಾಲೂರಲು ಭಯ. "ಹೆತ್ತ ತಾಯಿಗೆ ಸಾವು ಬೇಡಿದೆನಲ್ಲ, ಇದು ಪಾಪವೇ?"

ಪಾಪವಲ್ಲ ಸಹೋದರಿ. ಬೈಬಲಿನ ಎಲೀಯನಂಥ ಪ್ರವಾದಿಯೇ ಅಡವಿಯ ಗಿಡವೊಂದರ ಕೆಳಗೆ ಕುಸಿದು ಕೂತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ಬೇಡಿಕೊಂಡ. ದೇವರು ಬೈಯಲಿಲ್ಲ. ಅವನು ಮಲಗಿದ, ದೇವದೂತ ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ತಿಂದು ಮತ್ತೆ ಮಲಗಿದ. ಉಪದೇಶವೆಲ್ಲ ಆಮೇಲೆ. ನಿಮ್ಮ ಪತ್ರದಲ್ಲಿ ನಿದ್ದೆಯ ಮಾತೇ ಇಲ್ಲ. ನಿದ್ದೆಗೆಟ್ಟವರ ಬಾಯಿಂದ ನಡುರಾತ್ರಿ ಬಂದ ಪ್ರಾರ್ಥನೆಯನ್ನು ದೇವರು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ ಎಂದು ನಾನಂತೂ ನಂಬುವುದಿಲ್ಲ.

ನನ್ನನ್ನು ಕಾಡಿದ್ದು ಈ ಪ್ರಶ್ನೆಯಲ್ಲ. ಪತ್ರದ ಕೊನೆಯ ಹಾಳೆಯಲ್ಲಿ, ಕಂಸದೊಳಗೆ, ಹೇಳಿದರೂ ಆಯಿತು ಬಿಟ್ಟರೂ ಆಯಿತು ಎನ್ನುವಂತೆ ಹೀಗೆ ಬರೆದಿದ್ದೀರಿ: "ಅವರು ಬಂದರೆ ಅಮ್ಮ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಗೇಟು ಹಾಕಿದ ಸದ್ದು ಕೇಳಿದ ಮೇಲೆ ಕಣ್ಣು ಬಿಟ್ಟು ನೀರು ಕೇಳುತ್ತಾರೆ."

ನೀವು ಇದನ್ನು ಆಯಾಸ ಎಂದುಕೊಂಡಿರಬಹುದು. ಆಯಾಸವಿದ್ದವರು ಗೇಟಿನ ಸದ್ದಿಗೆ ಕಿವಿಗೊಟ್ಟು ಮಲಗಿರುವುದಿಲ್ಲ. ಬಾಯಿ ಒಣಗಿ ಅಂಟುತ್ತಿದ್ದರೂ ನಿಮ್ಮ ತಾಯಿ ಅಷ್ಟು ಹೊತ್ತು ನೀರು ಕೇಳದೆ ತಡೆದುಕೊಂಡಿದ್ದಾರೆ. ಕಣ್ಣು ಬಿಟ್ಟರೆ ಅವರಿಗೆ ಕೆಲಸ ಶುರು. ಆಮೆನ್ ಹೇಳಬೇಕು, ಮುಖದಲ್ಲಿ ಭರವಸೆ ತೋರಿಸಬೇಕು, "ಇವತ್ತು ಸ್ವಲ್ಪ ಹಗುರ" ಎಂದು ಬಂದವರಿಗೆ ಸಮಾಧಾನ ಹೇಳಬೇಕು. "ನಾನು ಹೋಗುತ್ತಿದ್ದೇನೆ, ನನಗೆ ಭಯವಾಗುತ್ತಿದೆ" ಎನ್ನುವ ಹಾಗಿಲ್ಲ, ಅದು ಅಪನಂಬಿಕೆಯಾಗಿಬಿಡುತ್ತದೆ. ಸಾಯುತ್ತಿರುವ ಹೆಂಗಸು ತನ್ನ ಸಾವಿನ ಬಗ್ಗೆ ಒಂದು ಮಾತಾಡಲಾಗದ ಜಾಗ ಆ ಮನೆಯಲ್ಲಿ ಯಾವುದಾದರೂ ಇದ್ದರೆ, ಅದು ಅವರದೇ ಮಂಚ.

ರೋಗಿಗಾಗಿ ಪ್ರಾರ್ಥಿಸುವವರು ಎತ್ತಿ ಹೇಳುವ ವಾಕ್ಯ ಯಾಕೋಬನ ಪತ್ರಿಕೆ 5:14. ಸಭೆಯ ಹಿರಿಯರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎನ್ನುವ ಭಾಗ ಎಲ್ಲರಿಗೂ ಬಾಯಿಪಾಠ. ಅದೇ ವಾಕ್ಯದ ಮೊದಲರ್ಧ ತೆಗೆದು ನೋಡಿ. ಹಿರಿಯರನ್ನು ಕರೆಸಬೇಕಾದವರು ಯಾರು? ಅಸ್ವಸ್ಥರಾಗಿರುವವರೇ. ಹಿರಿಯರು ತಾವಾಗಿ ಹೊರಟು ಬರಲಿ ಎಂದಿಲ್ಲ, ಮನೆಯವರು ಏರ್ಪಾಡು ಮಾಡಲಿ ಎಂದೂ ಇಲ್ಲ. ಮಲಗಿರುವವರು ಕರೆಯಬೇಕು. ನಿಮ್ಮ ಮನೆಯಲ್ಲಿ ಸಂಜೆಯ ಗುಂಪನ್ನು ಅಮ್ಮ ಕರೆದರೇ? ಪತ್ರದಲ್ಲಿ ಎಲ್ಲೂ ಇಲ್ಲ.

ಗುಂಪಿನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ದುಡಿದು ದಣಿದು ಬಂದು ಬೇರೆಯವರ ಮಂಚದ ಪಕ್ಕ ನಿಲ್ಲುವವರು ಒಳ್ಳೆಯವರೇ. ಅವರಿಗೆ ಗೊತ್ತಿರುವುದು ಅದೊಂದೇ ದಾರಿ. ಆದರೆ ರೋಗಿಯ ಕೋಣೆಯಲ್ಲಿ ಪ್ರಾರ್ಥನೆ ಚಿಕ್ಕದಿರಬೇಕು, ದನಿ ತಗ್ಗಿರಬೇಕು, ಪ್ರಾರ್ಥಿಸುವವರು ಕೂತಿರಬೇಕು ಎಂದು ನಾನು ಹೇಳುತ್ತಲೇ ಬಂದಿದ್ದೇನೆ, ಇನ್ನೂ ಹೇಳುತ್ತೇನೆ. ಬೈಬಲಿನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತರು; ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಬಾಯಿ ತೆರೆದು, ನಿನ್ನಲ್ಲೇ ಏನೋ ತಪ್ಪಿದೆ ಎನ್ನತೊಡಗಿದ ಮೇಲೆ ಕೆಟ್ಟಿತು. ಕೊನೆಗೆ ದೇವರಿಗೆ ಕೋಪ ಬಂದದ್ದು ಅವರ ಮೇಲೆ, ಅವರಿಗಾಗಿ ಪ್ರಾರ್ಥಿಸಬೇಕಾದವನು ಯೋಬ.

ಮಾರ್ಫಿನ್ ವಿಷಯಕ್ಕೆ ಬರೋಣ. ಯೇಸು ಶಿಲುಬೆಯ ಹೊತ್ತಿನಲ್ಲಿ ನೋವು ಮಂಕಾಗಲೆಂದು ಕೊಟ್ಟ, ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಬೇಡ ಎಂದದ್ದನ್ನು ಆ ಹಿರಿಯರು ಉದಾಹರಿಸಿದರಂತೆ. ಮಾರ್ಕನ ಸುವಾರ್ತೆಯಲ್ಲಿ ಅದು ಇದೆ, ನಿಜ. ಬೇಡ ಎಂದದ್ದು ತನಗೆ. ನೋವೆಂದು ಬಂದ ಒಬ್ಬರಿಗಾದರೂ "ಸಹಿಸಿಕೋ" ಎಂದು ಹೇಳಿ ಕಳಿಸಿದ ಉದಾಹರಣೆ ಇದೆಯೇ? ಅವನೇ ಹೇಳಿದ ಸಾಮ್ಯದಲ್ಲಿ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ಖರ್ಚಿಗೆ ಹಣವನ್ನೂ ಕೊಟ್ಟು ಹೋದ. ಕ್ಯಾಥೊಲಿಕ್ ಸಭೆಯಲ್ಲಿ 12ನೇ ಪಯಸ್ ಪೋಪರು 1957ರಲ್ಲೇ ವೈದ್ಯರ ಪ್ರಶ್ನೆಗೆ ಉತ್ತರಿಸುತ್ತಾ, ಬೇರೆ ದಾರಿಯಿಲ್ಲದಾಗ ನೋವು ಕಳೆಯುವ ಔಷಧಿ ಕೊಡಬಹುದು, ಅದರಿಂದ ಆಯಸ್ಸು ಸ್ವಲ್ಪ ಕಡಿಮೆಯಾಗುವ ಸಂಭವವಿದ್ದರೂ ಸರಿ ಎಂದಿದ್ದರು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್, ಅಂದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಮನೆ, ತೆರೆದ ಸಿಸಿಲಿ ಸಾಂಡರ್ಸ್ ಗಾಢ ನಂಬಿಕೆಯ ಕ್ರೈಸ್ತ ಹೆಂಗಸು. ನೋವು ತಡೆಯಲಾಗದಷ್ಟು ಹೆಚ್ಚುವವರೆಗೆ ಕಾದು ಔಷಧಿ ಕೊಡುವುದಲ್ಲ, ಗಂಟೆ ನೋಡಿ, ನೋವು ಮರಳುವ ಮುಂಚೆಯೇ ಕೊಡಬೇಕು ಎಂದು ಹಟ ಹಿಡಿದವರು ಆಕೆ. ಅವರ ಹಾಸ್ಪೀಸಿನಲ್ಲಿ ಪ್ರಾರ್ಥನೆಯೂ ಇತ್ತು, ಮಾರ್ಫಿನ್ನೂ ಇತ್ತು.

ಹಾಗಾಗಿ ಅರ್ಧ ಡೋಸ್ ಆಟ ನಿಲ್ಲಿಸಿ. ಹಾಗೆಂದು ಇವತ್ತೇ ನೀವಾಗಿ ಹೆಚ್ಚಿಸುವುದೂ ಬೇಡ. ಲಿವರ್ ಸೋತವರಲ್ಲಿ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಇಷ್ಟು ದಿನ ಕೊಟ್ಟದ್ದು ಅರ್ಧ ಎಂಬ ನಿಜವನ್ನು ಡಾಕ್ಟರಿಗೆ ಫೋನಿನಲ್ಲೇ ಹೇಳಿ, ಅವರು ಹೇಳಿದಷ್ಟು, ಹೇಳಿದ ಹೊತ್ತಿಗೆ ಕೊಡಿ. ಮೊದಲ ಕೆಲವು ದಿನದ ಮಂಪರು ಸಾಮಾನ್ಯವಾಗಿ ಇಳಿಯುತ್ತದೆ. ಮಲಬದ್ಧತೆ ಇಳಿಯುವುದಿಲ್ಲ, ಅದಕ್ಕೆ ಔಷಧಿ ಕೇಳಿ ಪಡೆಯಿರಿ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಅವರನ್ನೇ ಕೇಳಿ. ನೋವಿನಿಂದ ಹಲ್ಲು ಕಚ್ಚಿರುವವರಿಗೆ ಪ್ರಾರ್ಥಿಸಲು ಎಚ್ಚರವೊಂದಿದ್ದರೆ ಸಾಲದು.

ಇನ್ನು ನಿಮ್ಮ ಯಜಮಾನರು. "ಅವರು ಇದಕ್ಕೆಲ್ಲ ತಲೆ ಹಾಕುವುದಿಲ್ಲ, ಬಾಗಿಲು ತೆಗೆದು ಹೊರಗೆ ಹೋಗುತ್ತಾರೆ" ಎಂದು ಪಾಪ ಎನ್ನುವ ಧಾಟಿಯಲ್ಲಿ ಬರೆದಿದ್ದೀರಿ. ನನಗೆ ಈ ಇಡೀ ಪತ್ರದಲ್ಲಿ ಕೋಪ ಬಂದದ್ದು ಅವರೊಬ್ಬರ ಮೇಲೆ. ಹತ್ತು ಜನರನ್ನು ಒಳಗೆ ಬಿಟ್ಟು ತಾನು ಹೊರಗೆ ಹೋಗುವುದು ತಲೆ ಹಾಕದಿರುವುದಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಡುವಷ್ಟು ಹೊತ್ತಿನಲ್ಲಿ "ಇವತ್ತು ಬೇಡ, ಅತ್ತೆ ಸುಸ್ತಾಗಿದ್ದಾರೆ" ಎನ್ನಬಹುದಿತ್ತು. ಆ ಮಾತನ್ನು ಮಗಳಾಗಿ ನೀವು ಹೇಳಿದರೆ ನಂಬಿಕೆಯಿಲ್ಲದವಳು ಎನಿಸಿಕೊಳ್ಳುತ್ತೀರಿ. ಅಳಿಯ ಹೇಳಿದರೆ ಯಾರೂ ಏನೂ ಅನ್ನುವುದಿಲ್ಲ. ಇದು ಸರಿಯಲ್ಲ, ಆದರೆ ಸದ್ಯಕ್ಕೆ ಉಪಯೋಗಕ್ಕೆ ಬರುತ್ತದೆ.

ನೀವು ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ, ಎಲ್ಲರೂ ಮಲಗಿದ ಮೇಲೆ, ಒದ್ದೆ ಹತ್ತಿಯಿಂದ ಅಮ್ಮನ ತುಟಿ ಒರೆಸಿ, ಕುರ್ಚಿ ಎಳೆದುಕೊಂಡು ಕೂತು ಕೇಳಿ: "ಅಮ್ಮಾ, ನಿನಗಾಗಿ ಏನೆಂದು ಪ್ರಾರ್ಥಿಸಲಿ?" ಕೇಳಿ ಸುಮ್ಮನಿರಿ. ಉತ್ತರವನ್ನು ನೀವು ತುಂಬಬೇಡಿ. ನಾಳೆಗೆ ಹಾಕಬೇಡಿ. ಲಿವರ್ ಕೈಕೊಡುತ್ತಾ ಹೋದಂತೆ ಮಾತು ತಡವರಿಸುತ್ತದೆ, ಮನಸ್ಸು ಗೊಂದಲಕ್ಕೆ ಬೀಳುತ್ತದೆ, ಆಗ ಕೇಳಿದರೆ ಉತ್ತರ ಸಿಗದೆ ಹೋಗಬಹುದು.

ಬದುಕಬೇಕು ಎಂದರೆ ಬದುಕಿಗಾಗಿಯೇ ಪ್ರಾರ್ಥಿಸಿ, ಡಾಕ್ಟರು ಹೇಳಿದ್ದನ್ನು ನೆನಪಿಸಲು ಹೋಗಬೇಡಿ. ಸಾಕು ಎಂದರೆ, ನಿಮ್ಮ ಆ ರಾತ್ರಿಯ ಪ್ರಾರ್ಥನೆಯನ್ನು ಅವರೂ ಮಾಡಿದ್ದಾರೆ ಎಂದು ತಿಳಿಯಿರಿ. ಯಾರ ಮೇಲೋ ಬೇಸರ, ಮಾತು ಬಿಟ್ಟ ತಂಗಿ, ಅರ್ಧಕ್ಕೆ ನಿಂತ ಕೆಲಸ, ಅಂಥದ್ದೇನಾದರೂ ಹೊರಗೆ ಬಂದರೆ ಬರಲಿ. ಇಪ್ಪತ್ತಮೂರನೆಯ ಕೀರ್ತನೆ ಓದು ಎಂದರೆ ಓದಿ, ಅರ್ಧದಲ್ಲಿ ನಿದ್ದೆ ಹೋದರೆ ನಿಲ್ಲಿಸಿ ನೀವೂ ಮಲಗಿ. ಗುಂಪೇ ಬೇಕು ಎಂದರೂ ಆಶ್ಚರ್ಯವಿಲ್ಲ. ಆಗ ಇಬ್ಬರು ಬರಲಿ, ಕೂತು, ಹತ್ತು ನಿಮಿಷ.

ಬೇಡ ಎಂದರೆ ಸಂಜೆ ಬಾಗಿಲ ಹತ್ತಿರ ನಿಲ್ಲಬೇಕಾದವರು ನೀವಲ್ಲ, ನಿಮ್ಮ ಯಜಮಾನರು. "ಅಮ್ಮ ಕರೆದಾಗ ನಾವೇ ತಿಳಿಸುತ್ತೇವೆ" ಎಂದಷ್ಟೇ ಹೇಳಲಿ. ಹಿರಿಯರು ತಕರಾರು ತೆಗೆದರೆ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ತೆಗೆದು ಅವರ ಕೈಯಲ್ಲೇ ಓದಿಸಲಿ.