ಮಂಗಳೂರಿನ ನಮ್ಮ ಗುಂಪಿನಲ್ಲಿ ವಾರಕ್ಕೊಂದು ವಿಷಯ ಇಟ್ಟು ಕಾಮಿಕ್ಸ್ ಮುಖಪುಟ ಸ್ಕ್ಯಾನ್ ಮಾಡಿ ಹಂಚಿಕೊಳ್ಳಲು ಹಳೇ ಪುಸ್ತಕಗಳ ಪಿನ್ ಬಿಚ್ಚಿ ಲ್ಯಾಮಿನೇಟ್ ಮಾಡಿಸಬಹುದಾ?

ಪಿನ್ ಬಿಚ್ಚಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ವರ್ಷಕ್ಕಾಗುವಷ್ಟು, 52 ವಿಷಯಗಳ ಪಟ್ಟಿಯನ್ನೂ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಕಣ್ಣ ಮುಂದೆ ಬಂದದ್ದು ನನ್ನ ಸೋದರಮಾವನ ಹೆಬ್ಬೆರಳು. ಅದನ್ನು ಹೇಳದೆ ಬೇರೇನೂ ಹೇಳಲಾರೆ.

ನಿಮ್ಮ ಹಾಗೇ ನಮ್ಮದೂ ಒಂದು ಗುಂಪಿತ್ತು. ಮಂಗಳೂರಿನಲ್ಲೇ, ಏಳು ಜನ. ತಿಂಗಳ ಮೊದಲ ಭಾನುವಾರ ಕದ್ರಿಯಲ್ಲಿ ಒಬ್ಬ ಗೆಳೆಯನ ಮನೆಯ ಜಗಲಿಯಲ್ಲಿ ಸೇರುತ್ತಿದ್ದೆವು. ತಿಂಗಳಿಗೊಂದು ವಿಷಯ. ಅದಕ್ಕೆ ಹೊಂದುವ ಮುಖಪುಟ ಇರುವ ಪುಸ್ತಕವನ್ನು ಎಲ್ಲರೂ ತರಬೇಕು. ಜಗಲಿಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಇತ್ತು. ಪುಸ್ತಕವನ್ನು ನಡುವೆ ತೆರೆದು ಹಗ್ಗದ ಮೇಲೆ ಹಾಕಿದರೆ ಮುಖಪುಟ ನಮ್ಮ ಕಡೆ, ಹಿಂಪುಟ ಗೋಡೆ ಕಡೆ. ಗೆಳೆಯನ ಅಮ್ಮ ಬನ್ಸ್, ಚಾ ಕೊಡುತ್ತಿದ್ದರು. ಎಣ್ಣೆ ಕೈ ಒರೆಸಿಕೊಂಡೇ ಪುಸ್ತಕ ಮುಟ್ಟಬೇಕು ಅಂತ ಒಂದೇ ಒಂದು ನಿಯಮ.

ಮೊದಮೊದಲು ‘ಇಷ್ಟದ ಹೀರೋ’, ‘ಇಷ್ಟದ ವಿಲನ್’ ಅಂತ ವಿಷಯ ಇಟ್ಟೆವು. ಮಾತೆಲ್ಲ ಹೀರೋಗಳ ಶಕ್ತಿಯ ಬಗ್ಗೆಯೇ ಹೋಯಿತು, ಚಿತ್ರವನ್ನು ಯಾರೂ ನೋಡಲಿಲ್ಲ. ಒಂದು ತಿಂಗಳು ಯಾರೋ ಸುಮ್ನೆ ‘ಗೋಡೆ’ ಅಂದರು. ಅಲ್ಲಿಂದ ನಮ್ಮ ಗುಂಪಿಗೆ ಜೀವ ಬಂತು. ಒಬ್ಬ 1961ರ ‘ದಿ ಫ್ಲ್ಯಾಶ್’ 123ನೇ ಸಂಚಿಕೆಯ ಮರುಮುದ್ರಣ ತಂದ. ಕಾರ್ಮೈನ್ ಇನ್ಫಾಂಟಿನೊ ಬರೆದ ಮುಖಪುಟ. ನಡುವೆ ಒಂದು ಗೋಡೆ. ಈಚೆ ಮಿಂಚಿನ ಹಾಗೆ ಓಡುವ ಹೀರೋ ಫ್ಲ್ಯಾಶ್, ಆಚೆ ಇನ್ನೊಬ್ಬ ಫ್ಲ್ಯಾಶ್. ಅಪಾಯದಲ್ಲಿರುವ ಒಬ್ಬನೇ ಮನುಷ್ಯನ ಕಡೆ ಇಬ್ಬರೂ ಓಡಿಬರುತ್ತಿದ್ದಾರೆ. ನೋಡುವ ನಮಗೆ ಇಬ್ಬರೂ ಕಾಣುತ್ತಾರೆ, ಅವರಿಗೆ ಮಾತ್ರ ಕಾಣುವುದಿಲ್ಲ. ಆ ಗೋಡೆ ಇಲ್ಲದಿದ್ದರೆ ಚಿತ್ರವೇ ಇಲ್ಲ! ಅದನ್ನು ನಾವು ಅರ್ಧ ಗಂಟೆ ನೋಡಿದೆವು. ಆ ಕಾಲದಲ್ಲಿ, ಇದನ್ನು ಹೊರತಂದ ಅಮೆರಿಕದ ಡಿಸಿ ಕಾಮಿಕ್ಸ್ ಕಂಪನಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಎಷ್ಟೋ ಸಲ ಮೊದಲು ಮುಖಪುಟ ಬರೆಸಿ, ಆಮೇಲೆ ಅದಕ್ಕೆ ಕತೆ ಕಟ್ಟಿಸುತ್ತಿದ್ದರು. ಮುಖಪುಟ ಪ್ರಶ್ನೆ ಹಾಕಬೇಕು, ಉತ್ತರಕ್ಕೆ ಹುಡುಗರು ಪುಸ್ತಕ ತೆರೆಯಬೇಕು. ಈ ‘ತೆರೆಯಬೇಕು’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ತಿಂಗಳು ‘ಮಂಗ’. 1951ರಲ್ಲಿ ‘ಸ್ಟ್ರೇಂಜ್ ಅಡ್ವೆಂಚರ್ಸ್’ 8ನೇ ಸಂಚಿಕೆಯ ಮುಖಪುಟಕ್ಕೆ ಗೊರಿಲ್ಲಾ ಹಾಕಿದರು. ಪುಸ್ತಕ ಚೆನ್ನಾಗಿ ಖರ್ಚಾಯಿತು. ಅಲ್ಲಿಂದ ಡಿಸಿ ಮುಖಪುಟಗಳಲ್ಲಿ ಗೊರಿಲ್ಲಾಗಳ ಸಾಲೇ ಬಂತು. ಅದರ ಪಕ್ಕ ನಮ್ಮ ಹಗ್ಗದ ಮೇಲೆ ಅಮರ ಚಿತ್ರಕಥೆಯ ಹನುಮಂತ. ಬಹಳ ಚಂದದ ಭಾನುವಾರ ಅದು.

ನನ್ನ ಹತ್ತಿರ ಇದ್ದದ್ದು ಮಾವನ ಪುಸ್ತಕಗಳು. ಮಾವ ಕಾರ್ಕಳದವರು. ಅಮರ ಚಿತ್ರಕಥೆ ಕಟ್ಟಿದ ಅನಂತ ಪೈ 1929ರಲ್ಲಿ ಹುಟ್ಟಿದ್ದು ಕಾರ್ಕಳದಲ್ಲೇ ಅಂತ ಅವರಿಗೆ ದೊಡ್ಡ ಹೆಮ್ಮೆ. ಆದರೂ ಅವರ ಪ್ರಾಣ ಇದ್ದದ್ದು ಇಂದ್ರಜಾಲ ಕಾಮಿಕ್ಸ್‌ನಲ್ಲಿ. 1964ರಲ್ಲಿ, ಕಾಡಿನಲ್ಲಿರುವ ಮುಖವಾಡದ ಹೀರೋ ಫ್ಯಾಂಟಮ್‌ನ ಕತೆಗಳಿಂದ ಶುರುವಾಗಿ 1990ರಲ್ಲಿ ನಿಂತುಹೋದ ಪುಸ್ತಕಗಳು. ಬಿ. ಗೋವಿಂದ್ ಬಣ್ಣದಲ್ಲಿ ಬರೆದ ಅದರ ಮುಖಪುಟಗಳನ್ನು ನೀವೂ ನೋಡಿರುತ್ತೀರಿ. ಮಾವ ಮಂಗಳೂರಿನಲ್ಲಿ ಓದುತ್ತಿದ್ದಾಗ ಶನಿವಾರ ಊರಿನ ಬಸ್ಸು ಹತ್ತುವ ಮೊದಲು ಒಂದು ಕೊಂಡುಕೊಳ್ಳುತ್ತಿದ್ದರಂತೆ. ಕೊಂಡ ತಾರೀಕನ್ನು ಹಿಂಪುಟದ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಒಟ್ಟು 38 ಪುಸ್ತಕ, ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ನನಗೆ ಕೆಲಸ ಸಿಕ್ಕಿದ ವರ್ಷ ಒಂದು ಟ್ರಂಕಿನಲ್ಲಿ ಹಾಕಿ ಕೊಟ್ಟರು. “ನಿಂಗೆ ಹುಚ್ಚುಂಟಲ್ಲ, ನೀನೇ ಇಟ್ಕೊ” ಅಂದರು.

ಜೂನ್ ತಿಂಗಳ ಭಾನುವಾರ ಸ್ಕೂಟರಿನಲ್ಲಿ ಹೋಗುವಾಗ ಮಳೆ ಹಿಡಿಯಿತು. ಚೀಲದ ಒಳಗೆ ನೀರು ಹೋಗಿ ಎರಡು ಪುಸ್ತಕದ ಮೂಲೆ ಒದ್ದೆಯಾಯಿತು. ನನಗೆ ಹೆದರಿಕೆ ಆಯಿತು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದೆಲ್ಲ ಈ ನಾಲ್ಕು ತಿಂಗಳಲ್ಲೇ. ಮುಂದಿನ ತಿಂಗಳ ವಿಷಯ ಬೇರೆ ‘ಮಳೆ’. ಮುಖಪುಟಗಳನ್ನು ಕಾಪಾಡಬೇಕು ಅನ್ನಿಸಿತು. ನಾನು ತಪ್ಪಿದ್ದು ಇಲ್ಲೇ. ಆಗ ನನ್ನ ತಲೆಯಲ್ಲಿ ಇದ್ದದ್ದು ಬರೀ ಮುಖಪುಟ. ಪುಸ್ತಕ ಇರಲೇ ಇಲ್ಲ.

ಏನು ಮಾಡಿದೆ ಅಂತ ಪೂರ್ತಿ ಹೇಳುತ್ತೇನೆ, ನೀವು ಮಾಡಬಾರದು ಅಂತ. ರಾತ್ರಿ ಕೂತು ಚಾಕುವಿನ ತುದಿಯಿಂದ ಪಿನ್ನುಗಳ ಕಾಲು ಎಬ್ಬಿಸಿದೆ. ತುಕ್ಕು ಹಿಡಿದಿದ್ದವು, ಕೆಲವು ಮುರಿದವು, ಪಿನ್ನಿನ ಸುತ್ತ ಕಾಗದ ಹರಿಯಿತು. ಹೊರಗಿನ ಹಾಳೆ ಬಿಡಿಸಿಕೊಂಡೆ. ಮುಖಪುಟ, ಹಿಂಪುಟ ಎರಡೂ ಒಂದೇ ಹಾಳೆ ಅಲ್ವಾ? ಅದನ್ನು ಸ್ಟೀಲ್ ಸ್ಕೇಲ್ ಇಟ್ಟು ಮಡಿಕೆಯಲ್ಲಿ ಬ್ಲೇಡಿನಿಂದ ಕೊಯ್ದೆ. 38 ಸಲ. ಹಿಂಪುಟಗಳನ್ನೂ ಒಳಗಿನ ಹಾಳೆಗಳನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದೆ. ಮಾರನೇ ದಿನ ಮುಖಪುಟಗಳನ್ನು ಹಂಪನಕಟ್ಟೆಯ ಒಂದು ಜೆರಾಕ್ಸ್ ಅಂಗಡಿಗೆ ಕೊಂಡುಹೋಗಿ ಲ್ಯಾಮಿನೇಟ್ ಮಾಡಿಸಿದೆ.

ಲ್ಯಾಮಿನೇಷನ್ ಅಂದರೆ ಕಾಗದದ ಮೇಲೆ ಪ್ಲಾಸ್ಟಿಕ್ ಚೀಲ ಹಾಕುವುದು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಆ ಪ್ಲಾಸ್ಟಿಕ್ಕಿನ ಒಳಬದಿಗೆ ಅಂಟು ಇರುತ್ತದೆ. ಯಂತ್ರ ಅದನ್ನು 100 ಡಿಗ್ರಿಗೂ ಜಾಸ್ತಿ ಬಿಸಿ ಮಾಡಿ ಒತ್ತುತ್ತದೆ. ಅಂಟು ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಆಮೇಲೆ ಕಾಗದವನ್ನು ಹಾಳು ಮಾಡದೆ ಪ್ಲಾಸ್ಟಿಕ್ ತೆಗೆಯಲು ಆಗುವುದಿಲ್ಲ. ಇನ್ನೊಂದು, ಜೂನ್ ತಿಂಗಳಲ್ಲಿ ನಮ್ಮೂರಿನ ಯಾವ ಕಾಗದವೂ ಒಣಗಿರುವುದಿಲ್ಲ. ಕೈಗೆ ಒಣಗಿದ ಹಾಗೆ ಕಂಡರೂ ಗಾಳಿಯ ತೇವ ಕುಡಿದಿರುತ್ತದೆ. ಅದನ್ನು ಹಾಗೇ ಒಳಗಿಟ್ಟು ಮುಚ್ಚಿಸಿದೆ. ಅಂಗಡಿಯವರ ತಪ್ಪು ಏನೂ ಇಲ್ಲ, ಅವರು ನಾನು ಹೇಳಿದ ಕೆಲಸ ಮಾಡಿಕೊಟ್ಟರು.

ಜುಲೈ ಭಾನುವಾರ ಹಗ್ಗದ ಮೇಲೆ ನನ್ನವು ಫಳಫಳ ಹೊಳೆಯುತ್ತಿದ್ದವು. ಎಲ್ಲರೂ ಹೊಗಳಿದರು. ಅವತ್ತೇ ಇನ್ನೊಂದು ಆಯಿತು. ಒಬ್ಬ ಗೆಳೆಯ ‘ಮಳೆ’ಗೆ ಸ್ಪೈಡರ್‌ಮ್ಯಾನ್ ಚಿತ್ರ ಒಂದನ್ನು ನೆಟ್‌ನಿಂದ ಪ್ರಿಂಟ್ ತೆಗೆದು ತಂದಿದ್ದ. ಕಸದ ಡಬ್ಬಿಯಲ್ಲಿ ಸ್ಪೈಡರ್‌ಮ್ಯಾನ್ ಉಡುಪು ಬಿದ್ದಿದೆ, ಪೀಟರ್ ಪಾರ್ಕರ್ ಬೆನ್ನು ತಿರುಗಿಸಿ ಮಳೆಯಲ್ಲಿ ನಡೆದುಹೋಗುತ್ತಿದ್ದಾನೆ. ಜಾನ್ ರೊಮಿಟಾ ಬರೆದದ್ದು, 1967ರ 50ನೇ ಸಂಚಿಕೆ. ಅದು ಮುಖಪುಟವೇ ಅಲ್ಲ! ಅದೇ ಪುಸ್ತಕದ ಒಳಗಿನ ಪುಟ. ಅದು ಎಲ್ಲ ಕಡೆ ಎಷ್ಟು ಓಡಾಡಿದೆ ಅಂದರೆ ಜನ ಅದನ್ನೇ ಮುಖಪುಟ ಅಂದುಕೊಂಡಿದ್ದಾರೆ. ನಾನು ಅವನಿಗೆ ದೊಡ್ಡದಾಗಿ ಹೇಳಿದೆ, ಪುಸ್ತಕ ಕೈಯಲ್ಲಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ. ಹಾಗೆ ಹೇಳಿದ ನನ್ನ ಕೈಯಲ್ಲೂ ಪುಸ್ತಕ ಇರಲಿಲ್ಲ.

ಚೌತಿಗೆ ಮಾವ ಬಂದರು. ಊಟ ಆದ ಮೇಲೆ ಚಾಪೆ ಹಾಸಿಕೊಂಡು, “ಆ ಫ್ಯಾಂಟಮ್ ಒಂದು ಕೊಡು ಮಾರಾಯ, ಮಲಗಿ ಓದ್ತೇನೆ” ಅಂದರು. ನಾನು ಖುಷಿಯಿಂದ ಬಿಳಿ ಕುದುರೆಯ ಮೇಲೆ ಫ್ಯಾಂಟಮ್ ಕೂತಿರುವ ಮುಖಪುಟ ತಂದು ಕೊಟ್ಟೆ. ಮಾವ ಎಡಗೈಯಲ್ಲಿ ಹಿಡಿದರು. ಬಲಗೈ ಹೆಬ್ಬೆರಳು ತಾನಾಗಿಯೇ ಕೆಳಗಿನ ಮೂಲೆಗೆ ಹೋಯಿತು, ಪುಟ ತಿರುಗಿಸಲು. ಉಗುರು ಪ್ಲಾಸ್ಟಿಕ್ಕಿನ ಮೇಲೆ ಜಾರಿತು. ಇನ್ನೊಮ್ಮೆ ಹಾಗೇ ಮಾಡಿದರು. ಆಮೇಲೆ ಮಗುಚಿ ನೋಡಿದರು.

“ಇದು ತೆರೀಲಿಕ್ಕೆ ಆಗುದಿಲ್ವಾ?”

“ಇಲ್ಲ ಮಾವ. ಒಳಗಿನ ಪುಟ ಬೇರೆ ಉಂಟು, ಅಟ್ಟದಲ್ಲಿ.”

“ಹಾಂ. ಚಂದ ಆಗಿದೆ” ಅಂದರು. ವಾಪಸು ಕೊಟ್ಟು, ಪಕ್ಕದಲ್ಲಿದ್ದ ಪೇಪರ್ ಎತ್ತಿಕೊಂಡರು.

ಬೈದಿದ್ದರೆ ಒಳ್ಳೆಯದಿತ್ತು. ಅವರು ಊರಿಗೆ ಹೋದ ಮೇಲೆ ಅಟ್ಟ ಹತ್ತಿದೆ. ಹಂಚಿನ ಸಂದಿಯಿಂದ ನೀರು ಸೋರಿ ಪೆಟ್ಟಿಗೆಯ ಅಡಿ ಮೆತ್ತಗಾಗಿತ್ತು. ಎತ್ತಿದಾಗ ತಳ ಕಳಚಿ ಹಾಳೆಗಳೆಲ್ಲ ಕೆಳಗೆ ಚೆಲ್ಲಿದವು. ಹಿಂಪುಟಗಳಿಗೆ ಬೂಸ್ಟು ಹಿಡಿದಿತ್ತು, ಎಷ್ಟೋ ತಾರೀಕು ಅಳಿಸಿಹೋಗಿತ್ತು. ಪಿನ್ ಹೊಡೆದ ಪುಸ್ತಕದ ಹಾಳೆ ಹೇಗಿರುತ್ತದೆ ನೋಡಿ: 32 ಪುಟಕ್ಕೆ 8 ಹಾಳೆ, ಒಂದೇ ಹಾಳೆಯಲ್ಲಿ 3, 4ನೇ ಪುಟವೂ 29, 30ನೇ ಪುಟವೂ ಇರುತ್ತವೆ. ಕತೆಯ ಶುರುವೂ ಕೊನೆಯೂ ಒಟ್ಟಿಗೆ. ಅಂಥ 300ರ ಹತ್ತಿರ ಹಾಳೆ. ಎಲ್ಲದರಲ್ಲೂ ಫ್ಯಾಂಟಮ್, ಎಲ್ಲದರಲ್ಲೂ ಡೆಂಕಾಲಿಯ ಕಾಡು. ಹೆಸರು ಇರುವುದು ಮೊದಲ ಪುಟದಲ್ಲಿ ಮಾತ್ರ. ಇತ್ತ ಲ್ಯಾಮಿನೇಟ್ ಮಾಡಿದ್ದರ ಒಳಗೆ ದೀಪಾವಳಿ ಹೊತ್ತಿಗೆ ಕಂದು ಚುಕ್ಕೆ ಕಾಣಿಸಿಕೊಂಡವು. ಕಣ್ಣಿಗೆ ಕಾಣುತ್ತದೆ, ಒರೆಸಲು ಆಗುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಸ್ಕ್ಯಾನ್ ಮಾಡಲು ಪಿನ್ ಬಿಚ್ಚುವ ಅಗತ್ಯವೇ ಇಲ್ಲ. ಮುಖಪುಟ ಪುಸ್ತಕದ ಹೊರಗಡೆ ಇರುತ್ತದೆ, ಗಾಜಿನ ಮೇಲೆ ಕವಚಿ ಇಟ್ಟರೆ ಸಪಾಟಾಗಿ ಕೂರುತ್ತದೆ. ನನ್ನನ್ನು ಕೇಳಿದರೆ ಸ್ಕ್ಯಾನರ್ ಕೂಡ ಬೇಡ. ಬೆಳಿಗ್ಗೆ ಜಗಲಿಯ ನೆರಳಿನಲ್ಲಿ, ಬಿಸಿಲು ನೇರ ಬೀಳದ ಕಡೆ ಇಟ್ಟು, ಮೊಬೈಲ್ ಮೇಲಿನಿಂದ ನೇರ ಹಿಡಿದು ಫೋಟೋ ತೆಗೆಯಿರಿ. ಫ್ಲ್ಯಾಶ್ ಹಾಕಬೇಡಿ, ಹೊಳಪು ಬಂದು ಬಣ್ಣ ಸತ್ತುಹೋಗುತ್ತದೆ. ಮಡಿಕೆ, ಹರಿದ ಮೂಲೆ, ಯಾರದೋ ಹೆಸರು ಇದ್ದರೆ ಇರಲಿ, ಅಳಿಸಲು ಹೋಗಬೇಡಿ. ಪುಸ್ತಕಗಳನ್ನು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಕವರಿನಲ್ಲಿ, ಹಿಂದೆ ಒಂದು ರಟ್ಟು ಕೊಟ್ಟು, ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಗೋಡೆಗೆ ತಾಗಿಸಬೇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆ ಬಿಟ್ಟ ದಿನ ಹೊರಗೆ ತೆಗೆದು ಗಾಳಿ ತಾಗಿಸಿ.

52 ವಿಷಯದ ಪಟ್ಟಿ ನಾನು ಕೊಡುವುದಿಲ್ಲ. ಕೊಟ್ಟರೆ ನಿಮ್ಮ ಗುಂಪು ಎರಡೇ ತಿಂಗಳಲ್ಲಿ ಬರೀ ಗೂಗಲ್ ಮಾಡುವ ಗುಂಪಾಗುತ್ತದೆ. ಪಟ್ಟಿ ಮುಂದಿದ್ದರೆ ಜನ ನೆಟ್‌ನಲ್ಲಿ ಹುಡುಕುತ್ತಾರೆ, ಕಪಾಟಿನಲ್ಲಿ ಹುಡುಕುವುದಿಲ್ಲ. ಈ ವಾರದ ಮುಖಪುಟದಲ್ಲಿ ಕಂಡದ್ದರಿಂದಲೇ ಮುಂದಿನ ವಾರದ ವಿಷಯ ಹುಟ್ಟಲಿ. ಕುದುರೆ ನೋಡುತ್ತಿದ್ದಾಗ ಯಾರಾದರೂ ‘ಹಿಂದಿನ ಆಕಾಶ ನೋಡು, ಹಳದಿ!’ ಅಂದರೆ, ಮುಂದಿನ ವಾರ ಹಳದಿ ಆಕಾಶ. ಕಣ್ಣಿಗೆ ಕಾಣುವ ವಿಷಯವೇ ಆಗಲಿ: ಕೈ, ಬೆನ್ನು, ಬಾಗಿಲು, ನೀರು. ‘ಅತಿ ಶ್ರೇಷ್ಠ ಮುಖಪುಟ’ ಅಂತ ಮಾತ್ರ ಇಡಬೇಡಿ. ಇಟ್ಟರೆ ಎಲ್ಲರೂ ಸೂಪರ್‌ಮ್ಯಾನ್ ಕಾರು ಎತ್ತಿದ 1938ರ ‘ಆ್ಯಕ್ಷನ್ ಕಾಮಿಕ್ಸ್’ ಒಂದನೇ ಸಂಚಿಕೆಯನ್ನೇ ಹಾಕುತ್ತಾರೆ. ಅದು ದೊಡ್ಡ ಚಿತ್ರವೇ, ಆದರೆ ನಿಮ್ಮ ಗೆಳೆಯನ ಬಗ್ಗೆ ಅದರಿಂದ ನಿಮಗೆ ಹೊಸದೇನೂ ಗೊತ್ತಾಗುವುದಿಲ್ಲ. ವೋಟು, ಬಹುಮಾನವೂ ಬೇಡ. ಎಂ.ಟಿ.ವಿ. ಆಚಾರ್ಯರು ಬಣ್ಣ ಹಚ್ಚಿದ ಚಂದಮಾಮವನ್ನು ಕಾಮಿಕ್ಸ್ ಅನ್ನಬಹುದೋ ಇಲ್ಲವೋ ಅಂತ ನಮ್ಮಲ್ಲಿ ಒಂದು ಸಲ ಜಗಳವೇ ಆಯಿತು. ಬರಲಿ ಬಿಡಿ. ಬಾಲಮಂಗಳದ ಡಿಂಗನೂ ಬರಲಿ. ಯಾರ ಮನೆಯಲ್ಲಿ ಏನುಂಟೋ ಅದು.

ಒಂದೇ ನಿಯಮ ಇಡಿ: ಪುಸ್ತಕ ಕೈಯಲ್ಲಿ ಇದ್ದವರು ಮಾತ್ರ ಮುಖಪುಟ ಹಾಕಬೇಕು. ಯಾರಾದರೂ ‘ಒಳಗೆ ಏನಾಗುತ್ತದೆ?’ ಅಂತ ಕೇಳಿದರೆ ತೆರೆದು ಓದಿ ಹೇಳಬೇಕು.

ಹೋದ ಚೌತಿಗೆ ನಾನು ಆ ಹಾಳೆಗಳನ್ನೆಲ್ಲ ಒಣಗಿಸಿ ಕಾರ್ಕಳಕ್ಕೆ ಕೊಂಡುಹೋದೆ. ಮಾವನ ಮುಂದೆ ಬೆಂಚಿನ ಮೇಲೆ ಹರವಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಎತ್ತಿ ನೋಡಿದರು. “ಇದು ಕಡಲ್ಗಳ್ಳರದ್ದು, ಆ ಕಟ್ಟಿಗೆ ಹಾಕು.” “ಇದರಲ್ಲಿ ಫ್ಯಾಂಟಮ್‌ನ ತೋಳ ಡೆವಿಲ್‌ಗೆ ಗಾಯ ಆಗ್ತದೆ, ಬೇರೆ ಇಡು.” ಸಂಜೆ ದೀಪ ಹಚ್ಚುವ ಹೊತ್ತಿಗೆ 9 ಪುಸ್ತಕ ಜೋಡಿಯಾದವು. ಪಿನ್ ಹೊಡೆಯಲಿಲ್ಲ. ಹತ್ತಿ ದಾರದಲ್ಲಿ ಹೊಲಿದೆವು. ಮುಖಪುಟದ ಜಾಗಕ್ಕೆ ಬಿಳಿ ಹಾಳೆ ಹಾಕಿದ್ದೇವೆ, ಹೆಸರನ್ನು ಮಾವ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಇನ್ನೂ 29 ಬಾಕಿ ಉಂಟು.